ನಪಾಸಾದ ಜೀಪು

ಹಳೆಯ ಜೀಪನ್ನು ಕೊಳ್ಳಲು ಹೋದವನಿಗೆ ಮಾರುವವರು ಮೊದಲು ತೋರಿಸುವುದು ಒಂದು ಗುಡ್ಡವನ್ನು. ನನಗೂ ಹಾಗೆಯೇ ಆಯಿತು. 14 ವರ್ಷ ಮಲೆನಾಡಿನ ಕಾಫಿ ತೋಟವೊಂದರಲ್ಲಿ ದುಡಿದ ಜೀಪು ಅದು. ತೋಟದ ಯಜಮಾನರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕು ಚಕ್ರಗಳಿಗೂ ಶಕ್ತಿ ಹರಿಸುವ ಗೇರನ್ನು ಎಳೆದು, ಮೇಕೆಯೂ ಹಿಂಜರಿಯುವಂಥ ಕೆಸರಿನ ಏರನ್ನು ಹತ್ತಿಸಿಬಿಟ್ಟರು. ನಾನು ಮರುಮಾತಿಲ್ಲದೆ ಹಣ ಎಣಿಸಿದೆ. ಏರಿದ್ದನ್ನು ಅವರು ತೋರಿಸಿದರು. ಇಳಿಜಾರಿನಲ್ಲಿ ನಿಲ್ಲುವುದನ್ನು ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಆ ಜೀಪು ನಮ್ಮ ಊರಿಗೆ ಒಂದು ದೊಡ್ಡ ಉಪಕಾರ ಮಾಡಿತು. ನೆರೆಮನೆಯ ಹೆಣ್ಣುಮಗಳಿಗೆ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡಿತು. ಹಳ್ಳ ತುಂಬಿ ಮೋರಿಯ ಮೇಲೆ ಹರಿಯುತ್ತಿತ್ತು. ಬೇರೆ ಯಾವ ವಾಹನವೂ ದಾಟಲಾರದ ಆ ನೀರನ್ನು ದಾಟಿ, ಘಟ್ಟವನ್ನಿಳಿದು, ನಾವು ಬೆಳಗಾಗುವ ಮೊದಲೇ ಆಸ್ಪತ್ರೆ ಸೇರಿದೆವು. ಹೆಣ್ಣು ಮಗು ಹುಟ್ಟಿತು. ಅಂದಿನಿಂದ ಜೀಪಿನ ವಿಷಯದಲ್ಲಿ ಯಾರಾದರೂ ಹಗುರವಾಗಿ ಮಾತನಾಡಿದರೆ ನನಗೆ ಸಹಿಸುತ್ತಿರಲಿಲ್ಲ.

ಖಾಸಗಿ ವಾಹನದ ನೋಂದಣಿಗೆ ಆಯುಸ್ಸು 15 ವರ್ಷ. ಆಮೇಲೆ ಅದನ್ನು ನವೀಕರಿಸಬೇಕಾದರೆ ವಾಹನವು ರಸ್ತೆಗೆ ಯೋಗ್ಯವೆಂದು ನಿರೀಕ್ಷಕರು ಒಪ್ಪಬೇಕು. ಜೀಪನ್ನು ತೊಳೆದು, ಬಣ್ಣ ಬಳಿಸಿ, ಮದುವಣಗಿತ್ತಿಯಂತೆ ಸಿಂಗರಿಸಿ ಕರೆದೊಯ್ದೆ. ನಿರೀಕ್ಷಕರು ತರುಣರು. ಬಣ್ಣದ ಕಡೆಗೆ ಕಣ್ಣೆತ್ತಿಯೂ ನೋಡದೆ ಟಾರ್ಚು ಹಿಡಿದು ಕೆಳಗೆ ತೂರಿದರು. ಹೊರಗೆ ಬಂದವರು ಒಂದು ಹಾಳೆಯ ತುಂಬ ದೋಷಗಳನ್ನು ಬರೆದುಕೊಟ್ಟರು. ನನಗೆ ಸಿಟ್ಟು ಬಂತು. ಹೆರಿಗೆಯ ಕಥೆಯನ್ನು ಅವರಿಗೆ ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ಹೋಗೋದು ಸರಿ ಸಾರ್, ನಿಲ್ಲೋದು?" ಎಂದರು.

ಗ್ಯಾರೇಜಿನ ಮೇಸ್ತ್ರಿಯ ಬಳಿ ದೂರು ಹೇಳಿಕೊಂಡಾಗ ಆತ ನನ್ನನ್ನೇ ಗುಂಡಿಗಿಳಿಸಿದ. ಚಾಸಿಯ ಪಕ್ಕದಲ್ಲಿ ಹಾದುಹೋಗುವ ತೆಳುವಾದ ಬ್ರೇಕಿನ ಕೊಳವೆಯ ಮೇಲಿದ್ದ ಕೆಸರನ್ನು ಉಗುರಿನಿಂದ ಕೆರೆದ. ಕೆಸರಿನೊಡನೆ ಕೊಳವೆಯ ಹೊರಮೈಯೂ ತುಕ್ಕಿನ ಪುಡಿಯಾಗಿ ಉದುರಿತು. ಒಂದು ಹನಿ ಎಣ್ಣೆ ಮೂಡಿ ನಿಂತಿತು. "ಈ ಗಾಡೀಲಿ ನಾಲ್ಕು ಚಕ್ರಕ್ಕೂ ಒಂದೇ ಲೈನು ಸ್ವಾಮಿ. ಇಲ್ಲಿ ಒಡೆದರೆ ನಾಲ್ಕೂ ಹೋಯ್ತು," ಎಂದ. ಆ ರಾತ್ರಿ ಘಟ್ಟವನ್ನಿಳಿದಾಗ ನಮ್ಮೆಲ್ಲರ ಜೀವ, ಇನ್ನೂ ಹುಟ್ಟದ ಆ ಕೂಸಿನ ಜೀವವೂ ಸೇರಿ, ಆ ಕೊಳವೆಯ ಉಳಿದ ತೆಳು ಗೋಡೆಯನ್ನು ನೆಚ್ಚಿಕೊಂಡಿತ್ತು. ನಾನು ಬಹಳ ಹೊತ್ತು ಮಾತನಾಡಲಿಲ್ಲ.

ಹ್ಯಾಂಡ್ ಬ್ರೇಕಿನದು ಇನ್ನೊಂದು ಕಥೆ. ಹಳೆಯ ಮಾದರಿಯ ಜೀಪುಗಳಲ್ಲಿ ಅದು ಚಕ್ರಗಳನ್ನು ಹಿಡಿಯುವುದಿಲ್ಲ. ಗೇರುಪೆಟ್ಟಿಗೆಯ ಹಿಂಬದಿಯಲ್ಲಿ, ಹಿಂದಿನ ಚಕ್ರಗಳಿಗೆ ಶಕ್ತಿಯನ್ನೊಯ್ಯುವ ದಂಡದ ಬುಡವನ್ನೇ ಹಿಡಿಯುತ್ತದೆ. ಅಲ್ಲಿಯ ಆಯಿಲ್ ಸೀಲ್ ಸವೆದರೆ ಪೆಟ್ಟಿಗೆಯ ಎಣ್ಣೆ ನೇರವಾಗಿ ಬ್ರೇಕಿನ ಡ್ರಮ್ಮಿಗೆ ಸೋರುತ್ತದೆ. ಸನ್ನೆಯನ್ನು ಎಷ್ಟು ಎಳೆದರೂ ಎಣ್ಣೆ ಹಚ್ಚಿದ ಕೈಯಲ್ಲಿ ಮೀನು ಹಿಡಿದ ಹಾಗೆ. ಇಷ್ಟು ದಿನ ನಾನು ಚಕ್ರಕ್ಕೆ ಕಲ್ಲು ಕೊಡುತ್ತಿದ್ದುದು ಇದೇ ಕಾರಣಕ್ಕೆ. ಅದನ್ನು ಜೀಪಿನ ಸ್ವಭಾವವೆಂದು ತಿಳಿದಿದ್ದೆ.

ಸ್ಟೇರಿಂಗಿನ ವಿಚಾರದಲ್ಲಂತೂ ನಾನು ಮೋಸಹೋದದ್ದು ಪೂರ್ತಿಯಾಗಿ. ಚಕ್ರಗಳು ತಿರುಗದೆ ಸ್ಟೇರಿಂಗ್ ಒಂದೇ 30 ಡಿಗ್ರಿಗಿಂತ ಹೆಚ್ಚು ಅಲುಗಬಾರದೆಂದು ನಿಯಮ. ನನ್ನದು ಅದನ್ನು ಎಂದೋ ದಾಟಿತ್ತು. ಕಲ್ಲು ಗುಂಡಿಗಳಲ್ಲಿ ಅಪ್ಪಳಿಸಿ ಮುಂದಿನ ಚಕ್ರಗಳ ಕಿಂಗ್‌ಪಿನ್ ಬೇರಿಂಗುಗಳೂ ಟೈರಾಡಿನ ತುದಿಗಳೂ ಸವೆದಿದ್ದವು. ತೋಟದ ದಾರಿಯಲ್ಲಿ ಗಂಟೆಗೆ ಹತ್ತು ಕಿಲೋಮೀಟರು ಹೋಗುವವನಿಗೆ ಇದು ತಿಳಿಯುವುದೇ ಇಲ್ಲ. ಡಾಂಬರು ರಸ್ತೆಯಲ್ಲಿ ವೇಗ ಹೆಚ್ಚಿಸಿ, ಒಂದು ಸಣ್ಣ ಹಳ್ಳಕ್ಕೆ ಚಕ್ರ ಬಿದ್ದರೆ ಮಾತ್ರ ಮುಂಭಾಗವೆಲ್ಲ ಜ್ವರ ಬಂದಂತೆ ನಡುಗತೊಡಗುತ್ತದೆ. ದಾರಿಯಿಲ್ಲದ ಕಡೆ ಸಲೀಸಾಗಿ ಓಡಾಡಿ, ಆ ಓಡಾಟದಿಂದಲೇ ದಾರಿಗೆ ಅನರ್ಹವಾಗುವುದು ಈ ಜಾತಿಯ ವಾಹನಗಳ ಹಣೆಬರಹವೇನೋ.

ಹಾಳೆಯಲ್ಲಿ ಸಣ್ಣಪುಟ್ಟವೂ ಇದ್ದವು. ಕನ್ನಡಿ ಮಂಕಾಗಿ ಆಕಾಶ ನೋಡುತ್ತಿದ್ದ ದೀಪಗಳು, ತುಂಡಾದ ಒಂದು ಕಮಾನುಪಟ್ಟಿ, ಕಪ್ಪು ಹೊಗೆ. ಟಯರಿನ ಪಟ್ಟೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ನನ್ನವು ಆ ಲೆಕ್ಕದಲ್ಲಿ ಪಾಸಾದವು, ಆದರೆ ಹಿಂದಿನ ಯಜಮಾನರು ಶೋಕಿಗೆಂದು ಹಾಕಿಸಿದ್ದ ಅಗಲದ ಟಯರುಗಳು ಮಡ್‌ಗಾರ್ಡಿನಿಂದ ಹೊರಗೆ ಚಾಚಿದ್ದವು. ಮುಂದೆ ಕಟ್ಟಿಸಿದ್ದ ಉಕ್ಕಿನ ಗೂಟದ ಚೌಕಟ್ಟನ್ನೂ ಬಿಚ್ಚಿಸಿದೆ. ಅಂಥವು ಕಾಯ್ದೆಗೆ ವಿರುದ್ಧವೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿದೆ. ಅದಿಲ್ಲದೆ ಜೀಪಿನ ಮುಖವೇ ಸೌಮ್ಯವಾಯಿತು.

ಎರಡನೆಯ ಸಲ ಹೋದಾಗ ಉಳಿದದ್ದು ಚಾಸಿಯ ನಂಬರು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ತುಕ್ಕು ಅಂಕಿಗಳನ್ನು ತಿಂದಿತ್ತು. ಸೀಮೆಎಣ್ಣೆ ಹಚ್ಚಿ, ತಂತಿಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ ಮೇಸ್ತ್ರಿ ಒಂದೊಂದೇ ಅಂಕಿಯನ್ನು ಮೇಲೆ ತಂದ. ಶಾಸನ ಓದುವವರ ತಾಳ್ಮೆ ಅವನದು. ಒಂದು ಅಂಕಿ ಮಾತ್ರ ಮೂರೋ ಎಂಟೋ ತಿಳಿಯದಂತಿತ್ತು. ಅದು ಮೂರಲ್ಲವಾದರೆ ಜೀಪು ಕಾಗದದಲ್ಲಿರುವ ಜೀಪೇ ಅಲ್ಲ. ನಿರೀಕ್ಷಕರು ಭೂತಗನ್ನಡಿ ಹಿಡಿದು, ಎರಡು ಸಲ ಅಚ್ಚು ತೆಗೆಸಿ, ಕೊನೆಗೆ "ಮೂರೇ" ಎಂದರು. ರುಜು ಬಿತ್ತು.

ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಜೀಪು ಇನ್ನೂ ಇದೆ. ಕೊಳ್ಳುತ್ತೇವೆಂದು ಆಗಾಗ ಕೆಲವರು ಬರುತ್ತಾರೆ. ಬಂದವರೆಲ್ಲ ಗುಡ್ಡ ಹತ್ತಿಸಿ ತೋರಿಸಿ ಎನ್ನುತ್ತಾರೆ. ನಾನು ಟಾರ್ಚು ತಂದುಕೊಟ್ಟು, ಕೆಳಗೆ ಮಲಗಿ ನೋಡಿ ಎನ್ನುತ್ತೇನೆ. ಅಂಗಿ ಮಾಸೀತೆಂದು ಇದುವರೆಗೆ ಒಬ್ಬರೂ ಮಲಗಿಲ್ಲ.