ಉರಿಯದೆ ಬೆಳಗುವ ಹರಳು



ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದ ಕಡೆಯ ಊರುಗಳಲ್ಲಿ ಒಂದು ಕಾಲಕ್ಕೆ ಹೊತ್ತು ಮುಳುಗಿತೆಂದರೆ ಕಂದೀಲಿನ ಗಾಜು ಒರೆಸುವ ಕೆಲಸ ಮೊದಲಾಗುತ್ತಿತ್ತು. ಇಂದು ಅಂತಹ ಪಡಸಾಲೆಗಳಲ್ಲಿ 9 ವ್ಯಾಟಿನ ಎಲ್‌ಇಡಿ ದೀಪ ಉರಿಯುತ್ತದೆ. 'ಉರಿಯುತ್ತದೆ' ಎಂಬುದು ರೂಢಿಯ ಮಾತಷ್ಟೆ. ಅಲ್ಲಿ ಉರಿಯುವಂಥದು ಏನೂ ಇಲ್ಲ.

ಹಳೆಯ ಬಲ್ಬಿನಲ್ಲಿ ತಂತಿ ಕಾದು ಬೆಳಗುತ್ತಿತ್ತು. ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಪೋಲಾಗುತ್ತಿತ್ತು. ಅರೆವಾಹಕದ ಹರಳಿನಲ್ಲಾದರೋ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿನಿಂದ ಇಳಿದು, ಕೆಳಗೆ ತೆರವಾಗಿರುವ ಜಾಗವನ್ನು ತುಂಬುತ್ತದೆ. ಆ ಇಳಿತದ ಶಕ್ತಿಯೇ ಬೆಳಕು. ಮೆಟ್ಟಿಲು ಎತ್ತರವಾದಂತೆ ಬಣ್ಣವು ಕೆಂಪಿನಿಂದ ನೀಲಿಯತ್ತ ಸರಿಯುತ್ತದೆ.

1962ರಲ್ಲಿ ಅಮೆರಿಕದ ರಾಬರ್ಟ್ ಹಾಲ್ ಅರೆವಾಹಕ ಲೇಸರನ್ನು ಸಾಧಿಸಿದರು. ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಡಯೋಡನ್ನು ತೋರಿಸಿದ್ದೂ ಅದೇ ವರ್ಷ. ಆದರೆ ಆ ಲೇಸರು ಕಡುಶೈತ್ಯದಲ್ಲಿ ಮಾತ್ರ, ಅದೂ ಕ್ಷಣಮಾತ್ರದ ಮಿಡಿತಗಳಲ್ಲಿ ಬೆಳಗುತ್ತಿತ್ತು. 1970ರಲ್ಲಿ ಲೆನಿನ್‌ಗ್ರಾಡಿನ ಅಲ್ಫೆರೋವ್ ಬಳಗವೂ ಬೆಲ್ ಪ್ರಯೋಗಾಲಯದ ಹಯಾಶಿ, ಪಾನಿಷ್ ಅವರೂ ಅದನ್ನು ಸಾಮಾನ್ಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗಿಸಿದರು. ಉಪಾಯ ನಮ್ಮ ರೈತನಿಗೆ ಹೊಸದಲ್ಲ. ಹೊಲಕ್ಕೆ ಒಡ್ಡು ಹಾಕಿ ಮಳೆನೀರನ್ನು ತಡೆಯುವಂತೆ, ತೆಳುವಾದ ಪದರದ ಎರಡೂ ಬದಿಗೆ ಬೇರೆ ಅರೆವಾಹಕದ ಒಡ್ಡು ಕಟ್ಟಿ ಎಲೆಕ್ಟ್ರಾನುಗಳನ್ನು ನಡುವೆ ಹಿಡಿದಿಟ್ಟರು.

ನೀಲಿ ಮಾತ್ರ ಬಹುಕಾಲ ಕೈಗೆಟುಕಲಿಲ್ಲ. ಗ್ಯಾಲಿಯಂ ನೈಟ್ರೈಡಿನ ನಿರ್ದೋಷ ಹರಳನ್ನು ಬೆಳೆಸುವುದೇ ದುಸ್ತರವಾಗಿತ್ತು. ಜಪಾನಿನ ಅಕಾಸಾಕಿ, ಅಮಾನೊ ಛಲ ಬಿಡದೆ ದುಡಿದರು; 1993ರಲ್ಲಿ ನಕಾಮುರಾ ಪ್ರಖರವಾದ ನೀಲಿ ಡಯೋಡನ್ನು ಹೊರತಂದರು. ಮೂವರಿಗೂ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನೀಲಿ ಹರಳಿನ ಮೇಲೆ ಹಳದಿ ಬೆಳಕು ಸೂಸುವ ಪುಡಿಯನ್ನು ಲೇಪಿಸಿದಾಗ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆ ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಿಂದ ಮನೆಮನೆಗೆ ತಲುಪಿಸಿದ್ದು ಇದೇ ದೀಪವನ್ನು.

'ವರ್ಷಗಟ್ಟಲೆ ಬಾಳುತ್ತದೆಂದರು, ಎರಡೇ ಮಳೆಗಾಲಕ್ಕೆ ಹೋಯಿತಲ್ಲ' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಅನೇಕ ಸಲ ಕೆಡುವುದು ಹರಳಲ್ಲ, ಅದರ ಬುಡದಲ್ಲಿದ್ದು ವಿದ್ಯುತ್ತನ್ನು ಹದಗೊಳಿಸುವ ಪುಟ್ಟ ಮಂಡಲ. ಶಾಖಕ್ಕೂ ವೋಲ್ಟೇಜಿನ ಏರಿಳಿತಕ್ಕೂ ಮೊದಲು ಬಲಿಯಾಗುವುದು ಅದು. ಗಾಳಿಯಾಡದ ಬುರುಡೆಯೊಳಗೆ ಇಂತಹ ದೀಪವನ್ನು ಮುಚ್ಚಿಟ್ಟರೆ ಆಯುಸ್ಸು ಕುಗ್ಗುತ್ತದೆ.

ಲೇಸರಾದರೋ ಕಾಣದಂತೆ ಊರು ಹೊಕ್ಕಿದೆ. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯತಿಗೆ ಬರುವ ಗಾಜಿನ ಎಳೆಯಲ್ಲಿ 1490 ನ್ಯಾನೋಮೀಟರ್ ತರಂಗದ ಬೆಳಕು ಸುದ್ದಿಯನ್ನು ತರುತ್ತದೆ. 1310ರ ಬೆಳಕು ಮರುಸುದ್ದಿಯನ್ನು ಒಯ್ಯುತ್ತದೆ. ಎರಡೂ ಕಣ್ಣಿಗೆ ಗೋಚರವಲ್ಲ. ಆದುದರಿಂದ ಎಳೆ ತುಂಡಾದಾಗ ಬೆಳಕು ಬರುತ್ತಿದೆಯೇ ಎಂದು ತುದಿಗೆ ಕಣ್ಣಿಟ್ಟು ನೋಡಬಾರದು. ಅದನ್ನು ಅಳೆಯಲು ಬೇರೆಯೇ ಮೀಟರಿದೆ.