ಹೆಣಿಗೆಯ ಕೊನೆಯ ಕೆಲಸ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ನಮ್ಮ ಶೈಕ್ಷಣಿಕ ಜಿಲ್ಲೆ. ಮಳೆ ಕಡಿಮೆಯಾದ ಈ ಕುರಿಗಳ ಸೀಮೆಗೆ ಉಣ್ಣೆ ಹೊಸದಲ್ಲ. ಕುರುಬ ಬಾಂಧವರು ಉಣ್ಣೆ ಕತ್ತರಿಸಿ, ನೂತು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಕಂಬಳಿ ನೇಯ್ದವರು. ನಮ್ಮ ಪಿಂಜಾರ ಬಾಂಧವರು ಹಳೆಯ ಗಾದಿಯ ಗಂಟುಗಟ್ಟಿದ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ ಮತ್ತೆ ಮೆತ್ತಗೆ ಮಾಡಿಕೊಟ್ಟವರು. ನಮ್ಮ ಅಜ್ಜಿಯರು ಹಳೆಯ ಸೀರೆಗಳಿಂದ ಕೌದಿ ಹೊಲಿದವರು. ಹಳೆಯದನ್ನು ಹೊಸದು ಮಾಡುವ ವಿದ್ಯೆ ನಮ್ಮ ಮನೆಯಲ್ಲೇ ಇದೆ.

ಇಂದು ಅನೇಕ ಹೆಣ್ಣುಮಕ್ಕಳು ಸ್ವೆಟರ್, ಟೋಪಿ, ಕೂಸಿನ ಕಾಲುಚೀಲ ಹೆಣೆಯುತ್ತಾರೆ. ನೋಡಿದವರು ಹೊಗಳುತ್ತಾರೆ. ಆದರೆ ಹಣ ಕೊಟ್ಟು ಕೊಳ್ಳುವವರು ಮೊದಲು ಒಳಮೈ ತಿರುಗಿಸಿ ನೋಡುತ್ತಾರೆ. ಅಲ್ಲಿ ಗಂಟುಗಳು, ನೇತಾಡುವ ತುದಿಗಳು ಕಂಡರೆ ತಿಂಗಳ ಶ್ರಮಕ್ಕೆ ಅರ್ಧ ಬೆಲೆಯೂ ಬಾರದು. ಆದ್ದರಿಂದ ಮುಗಿಸುವ ಕೆಲಸವನ್ನು ಹೆಣಿಗೆಯಷ್ಟೇ ಶ್ರದ್ಧೆಯಿಂದ ಕಲಿಯಿರಿ.

ಹೊಸ ಉಂಡೆಯ ದಾರವನ್ನು ಸಾಲಿನ ನಡುವೆ ಸೇರಿಸಬೇಡಿ, ಅಂಚಿನಲ್ಲಿ ಸೇರಿಸಿ. ಎರಡೂ ತುದಿಗಳನ್ನು 6 ಅಂಗುಲದಷ್ಟು ಉಳಿಸಿ. ಗಂಟು ಹಾಕಿ ಕತ್ತರಿಸಿದರೆ ಒಗೆದಾಗ ಬಿಚ್ಚಿಕೊಳ್ಳುತ್ತದೆ, ಮೈಗೂ ಚುಚ್ಚುತ್ತದೆ. ದೊಡ್ಡ ಕಣ್ಣಿನ ಮೊಂಡು ಸೂಜಿಗೆ ತುದಿಯನ್ನು ಪೋಣಿಸಿ, ಒಳಮೈಯ ಕುಣಿಕೆಗಳಲ್ಲಿ 2 ಅಂಗುಲ ಹಾಯಿಸಿ, ಮತ್ತೆ ಹಿಂದಕ್ಕೆ 1 ಅಂಗುಲ ತನ್ನಿ. ಆಗ ಅದು ಜಾರದು. ಕೊರಳಿನ ಕುಣಿಕೆಗಳನ್ನು ಮುಚ್ಚುವಾಗ ಒಂದು ಅಳತೆ ದಪ್ಪದ ಕಡ್ಡಿ ಬಳಸಿ. ಇಲ್ಲವಾದರೆ ಮಗುವಿನ ತಲೆ ತೂರದು.

ಭಾಗಗಳನ್ನು ಜೋಡಿಸುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ನೆರಳಿನಲ್ಲಿ ಸಮನಾಗಿ ಹರಡಿ, ಅಳತೆಗೆ ತಕ್ಕಂತೆ ಗುಂಡುಸೂಜಿ ಚುಚ್ಚಿ ಒಣಗಿಸಿ. ಅಂಗಡಿಯ ಅಗ್ಗದ ಉಲ್ಲನ್ ಬಹುಪಾಲು ಅಕ್ರಿಲಿಕ್. ಅದಕ್ಕೆ ಬಿಸಿ ಇಸ್ತ್ರಿ ತಗಲಿದರೆ ಬಿಗಿ ಕಳೆದುಕೊಂಡು ಜೋತುಬೀಳುತ್ತದೆ.

ಇನ್ನು ಹಳೆಯ ಉಲ್ಲನ್. ಮೊದಲು ಸ್ವೆಟರಿನ ಒಳಹೊಲಿಗೆ ನೋಡಿ. ಯಂತ್ರದಲ್ಲಿ ಕತ್ತರಿಸಿ ಓವರ್‌ಲಾಕ್ ಹಾಕಿದ್ದರೆ ಪ್ರತಿ ಸಾಲಿಗೂ ದಾರ ತುಂಡಾಗಿರುತ್ತದೆ, ಬಿಚ್ಚಿ ಪ್ರಯೋಜನವಿಲ್ಲ. ಕೈಯಲ್ಲಿ ಹೆಣೆದದ್ದಾದರೆ ಜೋಡಣೆಯ ಹೊಲಿಗೆ ಬಿಡಿಸಿ, ಹೆಣಿಗೆ ಮುಗಿದ ಕಡೆಯಿಂದ ಎಳೆಯಿರಿ. ಮೊದಲಿಟ್ಟ ಕಡೆಯಿಂದ ಎಳೆದರೆ ಸಿಕ್ಕಾಗುತ್ತದೆ. ಬಂದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, 4 ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ. ಅರ್ಧ ಗಂಟೆ ನೆನೆಸಿ, ಕೆಳಗೆ ಸಣ್ಣ ಭಾರ ಕಟ್ಟಿ ನೇತುಹಾಕಿದರೆ ಗುಂಗುರು ಬಹುಪಾಲು ಹೋಗುತ್ತದೆ. ಒಣಗಿದ ಮೇಲೆ ಸಡಿಲವಾಗಿ ಉಂಡೆ ಸುತ್ತಿ. ಸವೆದು ತೆಳುವಾದ ದಾರವನ್ನು ಎರಡೆಳೆ ಮಾಡಿಕೊಳ್ಳಿ. ಮೊಣಕೈ, ಅಂಚುಗಳಿಗೆ ಮಾತ್ರ ಹೊಸ ದಾರವನ್ನೇ ಬಳಸಿ. ತೀರ ಜೀರ್ಣವಾದದ್ದು ದಿಂಬಿನೊಳಗೆ ಹೋಗಲಿ. ದುಂದು ಮಾಡಬಾರದೆಂಬುದು ನಮ್ಮ ದೀನ್ ಕಲಿಸಿದ ನಡತೆ.

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೆಯ ವಚನವು ಜಾನುವಾರುಗಳ ಉಣ್ಣೆಯನ್ನೂ ಅಲ್ಲಾಹನ ಅನುಗ್ರಹಗಳಲ್ಲಿ ಎಣಿಸಿದೆ. ಅದೇ ಅಧ್ಯಾಯದ 92ನೆಯ ವಚನದಲ್ಲಿ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಚೂರು ಮಾಡಿದ ಹೆಂಗಸಿನ ದೃಷ್ಟಾಂತವಿದೆ. ಅದು ಕೊಟ್ಟ ಮಾತು ಮುರಿಯುವವರಿಗೆ ಎಚ್ಚರಿಕೆ. ನಾವು ಹಳೆಯ ಸ್ವೆಟರ್ ಬಿಚ್ಚುವುದು ಮತ್ತೆ ಹೆಣೆಯುವುದಕ್ಕಾಗಿ, ಹಾಳುಮಾಡುವುದಕ್ಕಲ್ಲ. ಆದರೆ ಎಚ್ಚರಿಕೆ ನಮಗೂ ಇದೆ. ಗಿರಾಕಿಗೆ ಹೇಳಿದ ದಿನಕ್ಕೆ, ಹೇಳಿದ ಅಳತೆಗೆ ಕೆಲಸ ಒಪ್ಪಿಸುವುದೂ ಕೊಟ್ಟ ಮಾತೇ.

ತಾಯಂದಿರಿಗೆ ಒಂದು ವಿನಂತಿ. ಕೈಗೆ ಕಸುಬು ಬಂತೆಂದು ಮಗಳನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಬೇಡಿ. ಹೆಣಿಗೆ ಓದಿಗೆ ಬದಲಿಯಲ್ಲ, ಆಸರೆ. ಆ ಹಣದಲ್ಲಿ ಅವಳು ನೋಟ್‌ಪುಸ್ತಕ ಕೊಳ್ಳಲಿ, ಪರೀಕ್ಷಾ ಶುಲ್ಕ ಕಟ್ಟಲಿ. ಅರ್ಧಕ್ಕೆ ನಿಂತ ಸ್ವೆಟರನ್ನು ಯಾರೂ ತೊಡಲಾರರು. ಅರ್ಧಕ್ಕೆ ನಿಂತ ಓದೂ ಹಾಗೆಯೇ. ಹುಡುಗಿಯರೇ, ಕೈಗೆತ್ತಿಕೊಂಡ ಎರಡನ್ನೂ ಮುಗಿಸಿ.

ಅಲ್ಲಾಹನು ನಮ್ಮ ಶ್ರಮವನ್ನು ಸ್ವೀಕರಿಸಲಿ. ಆಮೀನ್.