ಬ್ಯಾಕ್ಟೀರಿಯಾದ ಒಳಗೆ ಹೊರಗಿನ ಡಿಎನ್‌ಎ

ಸುತ್ತೂರು, ನಂಜನಗೂಡು, ತಿ. ನರಸೀಪುರದ ಕಡೆ ಹೊಟ್ಟೆ ಉರಿದರೆ ‘ಗ್ಯಾಸ್ಟ್ರಿಕ್ಕು’ ಎಂದು ಸುಮ್ಮನಾಗಿಬಿಡುತ್ತೇವೆ. ಆದರೆ ಹೊಟ್ಟೆಯ ಹುಣ್ಣಿಗೆ ಬಹಳ ಸಲ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಕಾರಣ. ಅದನ್ನು ತೋರಿಸಿಕೊಟ್ಟ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಸತ್ತ ಬ್ಯಾಕ್ಟೀರಿಯಾಗಳು ಚೆಲ್ಲಿಹೋದ ಡಿಎನ್‌ಎಯನ್ನು ಒಳಗೆಳೆದು ತನ್ನದಾಗಿಸಿಕೊಳ್ಳುವುದು ಈ ಜೀವಿಯ ಸ್ವಭಾವ.

ಇಂಥ ಗುಣದ ಸುಳಿವು ಮೊದಲು ಸಿಕ್ಕಿದ್ದು 1928ರಲ್ಲಿ, ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಅವರಿಗೆ. ಬಿಸಿ ಮಾಡಿ ಕೊಂದ ನ್ಯುಮೋನಿಯಾ ಬ್ಯಾಕ್ಟೀರಿಯಾವನ್ನು ನಿರುಪದ್ರವಿ ತಳಿಯ ಜೊತೆ ಬೆರೆಸಿ ಚುಚ್ಚಿದಾಗ ಇಲಿಗಳು ಸತ್ತವು. ಸತ್ತದ್ದರಿಂದ ಬದುಕಿದ್ದಕ್ಕೆ ದಾಟಿದ ವಸ್ತು ಡಿಎನ್‌ಎ ಎಂದು 1944ರಲ್ಲಿ ಏವರಿ, ಮ್ಯಾಕ್ಲಿಯಡ್, ಮೆಕಾರ್ಟಿ ತೋರಿಸಿದರು.

ಹೀಗೆ ದಾಟುವ ಡಿಎನ್‌ಎಯ ಎರಡು ಎಳೆಗಳಲ್ಲಿ ಕೊನೆಗೆ ಜೀವಕೋಶದೊಳಕ್ಕೆ ಬರುವುದು ಒಂದೇ. ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ತನ್ನನ್ನು ಹೋಲುವ ಜಾಗ ಸಿಕ್ಕರೆ ಅದು ಅಲ್ಲಿ ಸೇರಿಕೊಳ್ಳುತ್ತದೆ. ಆದರೆ ಪರಕೀಯ ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳು ಒಳಗೆ ಕಾವಲಿರುತ್ತವಲ್ಲ, ಅವುಗಳಿಂದ ಅದು ಉಳಿಯುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಡಿ.ಎನ್. ರಾವ್ ಮತ್ತು ಅವರ ವಿದ್ಯಾರ್ಥಿಗಳು. ಪೈಲೊರಿಯ ಡಿಪಿಆರ್‌ಎ ಎಂಬ ಪ್ರೋಟೀನು ಬಂದ ಎಳೆಗೆ ಅಂಟಿಕೊಂಡು ಕತ್ತರಿಸುವ ಕಿಣ್ವಗಳನ್ನು ತಡೆಯುತ್ತದೆ, ‘ಇದು ನಮ್ಮದೇ’ ಎಂದು ಗುರುತು ಹಾಕುವ ಕಿಣ್ವಗಳಿಗೆ ನೆರವಾಗುತ್ತದೆ ಎಂದು 2013ರಲ್ಲಿ ಅವರು ಪ್ರಕಟಿಸಿದರು. ಕರ್ನಾಟಕದ ಪ್ರಯೋಗಾಲಯದಲ್ಲಿ ನಡೆದ ಈ ಕೆಲಸ ನಮ್ಮ ಶಾಲೆಯ ಮಕ್ಕಳಿಗೆ ತಿಳಿಯಲೇಬೇಕು.

ಹೊರಗಿನ ಡಿಎನ್‌ಎ ಒಳಬರುವ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದು ಒಂದೊಂದು ಬ್ಯಾಕ್ಟೀರಿಯಾಕ್ಕೆ ಒಂದೊಂದು ಬಗೆ. ನ್ಯುಮೋನಿಯಾದ ಬ್ಯಾಕ್ಟೀರಿಯಾಗಳು ಪುಟ್ಟ ಪೆಪ್ಟೈಡ್ ಸಂಕೇತ ಹೊರಬಿಡುತ್ತವೆ. ಅದು ಸುತ್ತ ಸಾಕಷ್ಟು ಸೇರಿದಾಗ ಡಿಎನ್‌ಎ ಎಳೆದುಕೊಳ್ಳುವ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಕಾಲರಾ ಬ್ಯಾಕ್ಟೀರಿಯಾಕ್ಕೆ ಏಡಿ, ಸಿಗಡಿಗಳ ಚಿಪ್ಪಿನ ಕೈಟಿನ್ ಸಿಗಬೇಕು. ಪೈಲೊರಿಗೆ ತನ್ನ ಡಿಎನ್‌ಎಗೆ ಪೆಟ್ಟು ಬಿದ್ದರೆ ಈ ಶಕ್ತಿ ಇನ್ನೂ ಹೆಚ್ಚುತ್ತದೆ.

ನನ್ನನ್ನು ಹೆಚ್ಚು ಕಳವಳಗೊಳಿಸುವ ಸಂಗತಿ ಬೇರೆ. ಸ್ಟ್ರೆಪ್ಟೊಮೈಸಿನ್‌ನಂಥ ಕೆಲವು ಆ್ಯಂಟಿಬಯೋಟಿಕ್‌ಗಳೇ ನ್ಯುಮೋನಿಯಾ ಬ್ಯಾಕ್ಟೀರಿಯಾದಲ್ಲಿ ಈ ಬಾಗಿಲು ತೆರೆಸುತ್ತವೆ. ಪಕ್ಕದಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾದ ಡಿಎನ್‌ಎ ಬಿದ್ದಿದ್ದರೆ ಆ ಗುಣವೂ ಒಳಗೆ ಬರಬಹುದು.

ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ: ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ಆ್ಯಂಟಿಬಯೋಟಿಕ್ ತರಬೇಡಿ. ಮನೆಯ ಹಸುವಿಗೂ ಕುರಿಗೂ ಪಶುವೈದ್ಯರು ಹೇಳದೆ ಕೊಡಬೇಡಿ.